ಕುಣಿಸುವವರಿಗೆ ಹೆಸರಿಲ್ಲದ ಕಾಲ

ಈಗ ಶಾಲೆಯ ವಾರ್ಷಿಕೋತ್ಸವಕ್ಕೂ ಕೊರಿಯೋಗ್ರಾಫರ್ ಬರುತ್ತಾರೆ, ಮದುವೆಯ ಹಿಂದಿನ ದಿನದ ಸಂಗೀತಕ್ಕೂ ಬರುತ್ತಾರೆ. ಚಿಕ್ಕಪ್ಪ, ಸೋದರತ್ತೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮೂರು ನಿಮಿಷ ಕುಣಿಸಿ, ದುಡ್ಡು ಎಣಿಸಿಕೊಂಡು ಹೋಗುತ್ತಾರೆ. ಇದೂ ಒಂದು ಕಸುಬು, ಇದನ್ನು ಕಾಲೇಜಿಗೆ ಹೋಗಿ ಕಲಿಯಬಹುದು ಅಂತ 1960ರಲ್ಲಿ ಹೇಳಿದ್ದರೆ ಮನೆಯವರು ನಗುತ್ತಿದ್ದರೇನೋ. ಆ ವರ್ಷ ಅದನ್ನೇ ಕಲಿಯೋದಕ್ಕೆ ಮಲ್ಲೇಶ್ವರದಲ್ಲಿ ಹುಟ್ಟಿ, ಉತ್ತರ ಭಾರತದ ಕಥಕ್ ನೃತ್ಯ ಕಲಿತ ಕಲಾವಿದೆಯೊಬ್ಬರು ಮಾಸ್ಕೋಗೆ ಹೊರಟರು. ಅವರೇ ಮಾಯಾ ರಾವ್.

ಹಾಗಂತ ನೃತ್ಯ ಕಟ್ಟುವುದು ನಮಗೆ ಹೊಸದೇನಲ್ಲ. ಯಕ್ಷಗಾನದಲ್ಲಿ ಭಾಗವತರು ಪದ ಎತ್ತಿದ ಹಾಗೆ ವೇಷ ಕುಣಿಯುತ್ತದೆ. ಭರತನಾಟ್ಯದಲ್ಲಿ ತಾಳ ಹಿಡಿದು ಕೂತ ನಟ್ಟುವನಾರರೇ ಹೆಜ್ಜೆಗಳ ಜತಿ ಕಟ್ಟುತ್ತಿದ್ದರು. ಕಥಕ್‌ನಲ್ಲಿ ಗುರುವೇ ತೋಡಾ, ತುಕಡಾ ಅನ್ನೋ ಚಿಕ್ಕ ಚಿಕ್ಕ ನೃತ್ಯಬಂಧಗಳನ್ನು ಕಟ್ಟಿ ಶಿಷ್ಯರ ಕಾಲಿಗೆ ಕೂರಿಸುತ್ತಿದ್ದರು. ಕೆಲಸ ಇತ್ತು, ಅದಕ್ಕೆ ಬೇರೆ ಹೆಸರು ಇರಲಿಲ್ಲ. ಅದು ಗುರುವಿನ ಕೆಲಸದೊಳಗೇ ಸೇರಿಹೋಗಿತ್ತು.

ಇದನ್ನು ಮೊದಲು ಅಲ್ಲಾಡಿಸಿದವರಲ್ಲಿ ಉದಯ್ ಶಂಕರ್ ಒಬ್ಬರು. 1920ರ ದಶಕದಲ್ಲಿ ರಷ್ಯನ್ ಬ್ಯಾಲೆ ತಾರೆ ಅನ್ನಾ ಪಾವ್ಲೋವಾ ಜೊತೆ ಕೆಲಸ ಮಾಡಿದ್ದ ಅವರು, ಆಮೇಲೆ ತಮ್ಮದೇ ತಂಡ ಕಟ್ಟಿ ಊರೂರು ತಿರುಗಿದರು. ಆ ತಂಡ ಬೆಂಗಳೂರಿಗೂ ಬಂತು. ಬಿಆರ್‌ವಿ ಟಾಕೀಸಿನಲ್ಲಿ ನಡೆದ ಪ್ರದರ್ಶನಕ್ಕೆ ಹಟ್ಟಂಗಡಿ ಸಂಜೀವ ರಾವ್ ಅನ್ನೋ ವಾಸ್ತುಶಿಲ್ಪಿ ಹೋಗಿದ್ದರು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಕುಣಿಯಬಾರದು ಅನ್ನುತ್ತಿದ್ದ ಕಾಲ ಅದು. ಅವರದು ಸಂಪ್ರದಾಯಸ್ಥ ಕೊಂಕಣಿ ಸಾರಸ್ವತ ಮನೆತನ ಬೇರೆ. ಆದರೂ ಆಟ ನೋಡಿ ಬಂದವರು ಮಕ್ಕಳಿಗೆ ನೃತ್ಯ ಕಲಿಸಲೇಬೇಕು ಅಂತ ಹೊರಟರು. ಕಥಕ್‌ನ ಜೈಪುರ ಘರಾಣೆಯ, ಅಂದರೆ ಜೈಪುರದ ಗುರುಪರಂಪರೆಯ, ಸೋಹನ್‌ಲಾಲ್ ಗುರುಗಳು ತಂಗಿಯರನ್ನು ಸೇರಿಸಿಕೊಂಡರು. ಹನ್ನೆರಡು ವರ್ಷದ ಅಕ್ಕನಿಗೆ ಮಾತ್ರ ವಯಸ್ಸು ಮೀರಿದೆ ಅಂದುಬಿಟ್ಟರು! ಆ ಅಕ್ಕನೇ ಮಾಯಾ. ಆಮೇಲೆ ಹೇಗೋ ಒಪ್ಪಿಕೊಂಡರು ಅನ್ನಿ.

ಹದಿಹರೆಯ ಮುಗಿಯುವ ಮೊದಲೇ ಮಾಯಾ ಮಲ್ಲೇಶ್ವರದಲ್ಲಿ ತಾವೇ ನೃತ್ಯ ಹೇಳಿಕೊಡತೊಡಗಿದ್ದರು. 1955ರಲ್ಲಿ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ದೆಹಲಿಯ ಭಾರತೀಯ ಕಲಾ ಕೇಂದ್ರಕ್ಕೆ ಹೋದರು. ಅಲ್ಲಿದ್ದವರು ಲಖನೌ ಘರಾಣೆಯ ಶಂಭು ಮಹಾರಾಜ್. ಕೂತಲ್ಲೇ, ಠುಮ್ರಿ ಅನ್ನೋ ಭಾವಗೀತದ ಒಂದೇ ಸಾಲಿಗೆ ಮತ್ತೆ ಮತ್ತೆ ಬೇರೆ ಬೇರೆ ಅರ್ಥ ಬರುವ ಹಾಗೆ ಅಭಿನಯ ಮಾಡುತ್ತಿದ್ದವರು. ಅದನ್ನು ನೋಡಿದವರಿಗೆ ಇನ್ನೇನು ಬೇಕು, ಅಲ್ವಾ? ಆದರೆ ಅದು ಒಬ್ಬರ ಕಲೆ. ಹತ್ತು ಜನರನ್ನು ವೇದಿಕೆ ಮೇಲೆ ತಂದರೆ ಏನು ಮಾಡಬೇಕು ಅನ್ನೋದು ಬೇರೆಯದೇ ಪ್ರಶ್ನೆ.

ಕಥಕ್‌ನಲ್ಲಿ ಇದು ಎಷ್ಟು ಕಷ್ಟ ಅಂತ ನೋಡಿ. ಒಬ್ಬೊಬ್ಬರ ಒಂದೊಂದು ಕಾಲಿಗೆ ನೂರಕ್ಕೂ ಜಾಸ್ತಿ ಗೆಜ್ಜೆ. ತಿಹಾಯಿ ಅಂದರೆ ಒಂದೇ ತುಣುಕು ಮೂರು ಸಲ ತಿರುಗಿ ಬಂದು ಸಮ್ ಮೇಲೆ, ಅಂದರೆ ತಾಳದ ಮೊದಲ ಪೆಟ್ಟಿನ ಮೇಲೆ, ಬೀಳಬೇಕು. ಒಬ್ಬರೇ ಇದ್ದರೆ ತಬಲಾದವರ ಕಡೆ ಒಂದು ನೋಟ ಸಾಕು. ಹತ್ತು ಜನ ಇದ್ದಾಗ ಯಾರೋ ಒಬ್ಬರ ಕಾಲು ಕೂದಲೆಳೆಯಷ್ಟು ತಡವಾದರೂ ಠಪ್ ಅಂತ ಬೀಳಬೇಕಾದ ಸದ್ದು ಜಲ್ಲಿ ಸುರಿದ ಹಾಗೆ ಚೆಲ್ಲುತ್ತದೆ. ನಿಂತಲ್ಲೇ ಗಿರಗಿರ ತಿರುಗುತ್ತಾ ಚಕ್ಕರ್ ಹೊಡೆಯುವಾಗ ಇಬ್ಬರ ನಡುವೆ ಎರಡು ತೋಳಿನ ಜಾಗ ಬೇಕು, ಇಲ್ಲದಿದ್ದರೆ ಕೈಗೆ ಕೈ ಬಡಿಯುತ್ತದೆ. ಯಾರು ಎಡದಿಂದ ಬರಬೇಕು, ಯಾರು ಕದಲದೆ ನಿಲ್ಲಬೇಕು, ನೋಡುವವರ ಕಣ್ಣು ಯಾರ ಮೇಲಿರಬೇಕು? ತೋಡಾ ಎಷ್ಟು ಬಂದರೂ ಇದಕ್ಕೆ ಉತ್ತರ ಸಿಗುವುದಿಲ್ಲ.

ಮಾಸ್ಕೋದ ರಂಗಕಲಾ ಸಂಸ್ಥೆಯಲ್ಲಿ ಇದೇ ಒಂದು ಓದಿನ ವಿಷಯವಾಗಿತ್ತು. ಅಲ್ಲಿ ಸಂಯೋಜನೆ ಕಲಿತು 1964ರಲ್ಲಿ ಮರಳಿದ ಮಾಯಾ, ಕಮಲಾದೇವಿ ಚಟ್ಟೋಪಾಧ್ಯಾಯರ ಬೆಂಬಲದಿಂದ ಭಾರತೀಯ ನಾಟ್ಯ ಸಂಘದ ಆಶ್ರಯದಲ್ಲಿ ದೆಹಲಿಯಲ್ಲಿ ಒಂದು ಶಾಲೆ ತೆರೆದರು. ಕಮಲಾದೇವಿ ಕೂಡ ಮೂಲತಃ ಮಂಗಳೂರಿನ ಸಾರಸ್ವತರೇ. ಕುಣಿಯುವವರನ್ನು ತಯಾರು ಮಾಡುವ ಶಾಲೆಗಳು ಆಗಲೇ ಬೇಕಾದಷ್ಟಿದ್ದವು. ಇದು ಕುಣಿಸುವವರನ್ನು ತಯಾರು ಮಾಡುವ ಶಾಲೆ. ನನ್ನ ಪ್ರಕಾರ ಅವರು ಕಟ್ಟಿದ ನೃತ್ಯರೂಪಕಗಳಿಗಿಂತ ಈ ಪಾಠಪಟ್ಟಿಯೇ ಅವರ ದೊಡ್ಡ ಕೆಲಸ.

1987ರಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಕರೆದರು ಅಂತ ಶಾಲೆಯ ಸಮೇತ ಬೆಂಗಳೂರಿಗೆ ಬಂದರು. ರಾಜ್ಯದ ಸಂಗೀತ ನೃತ್ಯ ಅಕಾಡೆಮಿಯ ಅಧ್ಯಕ್ಷೆಯೂ ಆದರು. ಭರತನಾಟ್ಯದ ಊರಿನಲ್ಲಿ ಕಥಕ್‌ಗೆ ಒಂದು ಗಟ್ಟಿ ನೆಲೆ ಸಿಕ್ಕಿತು. 1989ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. ಸುಮ್ನೆ ಒಂದು ಕಾಕತಾಳೀಯ ಹೇಳಬೇಕು. ಫಿಲ್ಮ್‌ಫೇರ್ ಪ್ರಶಸ್ತಿಯಲ್ಲಿ ಕೊರಿಯೋಗ್ರಫಿಗೆ ಬೇರೆ ವಿಭಾಗ ಶುರುವಾಗಿದ್ದೂ ಅದೇ 1989ರಲ್ಲಿ. ಮೊದಲ ಪ್ರಶಸ್ತಿ ಸರೋಜ್ ಖಾನ್ ಅವರಿಗೆ, ಮಾಧುರಿ ದೀಕ್ಷಿತ್ ‘ಏಕ್ ದೋ ತೀನ್’ ಅಂತ ಎಣಿಸುತ್ತಾ ಕುಣಿದ ಆ ಹಾಡಿಗೆ. ಮಾಯಾ ಅವರ ಶಾಲೆಗೆ ಆಗ ಇಪ್ಪತ್ತೈದು ವರ್ಷ.

ಮಾಯಾ ರಾವ್ 2014ರ ಸೆಪ್ಟೆಂಬರ್ 1ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 86 ವರ್ಷ. ಮಗಳು ಮಧು ನಟರಾಜ್ ಕಥಕ್ ಕಲಿತು, ಸಮಕಾಲೀನ ನೃತ್ಯಕ್ಕೆ ಹೊರಳಿ, 1995ರಲ್ಲೇ ತಮ್ಮದೊಂದು ತಂಡ ಕಟ್ಟಿದ್ದರು. ಅವರ ಹೆಸರಿನ ಪಕ್ಕ ಕೊರಿಯೋಗ್ರಾಫರ್ ಅಂತ ಬರೆದರೆ ಈಗ ಯಾರೂ ಹಾಗಂದರೇನು ಅಂತ ಕೇಳುವುದಿಲ್ಲ.