ಗೊಬ್ಬರ ಹೊರುವ ಗಾಡಿಯ ಚಾಸಿ

ಹಿಮ ಬೀಳುವ ದೇಶಗಳಲ್ಲಿ ರಸ್ತೆಗೆ ಸುರಿಯುವ ಉಪ್ಪು ಗಾಡಿಯ ಚಾಸಿಗೆ, ಅಂದರೆ ಬಾಡಿ ಹೊರುವ ಕಬ್ಬಿಣದ ಚೌಕಟ್ಟಿಗೆ, ತುಕ್ಕು ಹಿಡಿಸುತ್ತದೆ. ಕೊಡಗಿನ ರಸ್ತೆಗೆ ಯಾರೂ ಉಪ್ಪು ಸುರಿಯುವುದಿಲ್ಲ. ಇಲ್ಲಿ ಉಪ್ಪು ಬರುವುದು ಗೊಬ್ಬರದ ಚೀಲದಲ್ಲಿ. ಕಾಫಿಗೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಹರಿದ ಚೀಲದಿಂದ ಉದುರಿದ ಹರಳು ಬಾಡಿಯ ಸಂದಿಯಿಂದ ಚಾಸಿಗೆ ಬೀಳುತ್ತದೆ, ಮಳೆಗಾಲದ ಗಾಳಿಯ ತೇವವನ್ನೇ ಹೀರಿ ಅಲ್ಲೇ ಕರಗುತ್ತದೆ. ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತುವ ಮೀನಿನ ಗಾಡಿಯಿಂದ ಸೋರುವ ಉಪ್ಪುನೀರೂ ಇದೇ ಜಾತಿ. ಗಿಡದ ಶಿಲೀಂಧ್ರ ರೋಗ ತಡೆಯುವ ಬೋರ್ಡೋ ಸಿಂಪಡಣೆಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಕರಗಿಸಿದ ಡ್ರಮ್ಮು ತುಳುಕಿದರೆ ಇನ್ನೊಂದು ಕೇಡು: ಬಣ್ಣ ಎದ್ದ ಜಾಗದಲ್ಲಿ ಕಬ್ಬಿಣದ ಮೇಲೆ ತಾಮ್ರದ ಕೆಂಪು ಪೊರೆ ಕೂರುತ್ತದೆ, ಅದರ ಸುತ್ತಲಿನ ಕಬ್ಬಿಣ ಇನ್ನೂ ಬೇಗ ತಿನ್ನಿಸಿಕೊಳ್ಳುತ್ತದೆ.

ಆದ್ದರಿಂದ ಲೋಡ್ ಇಳಿಸಿದ ದಿನವೇ ತೊಳೆಯಬೇಕು. ಮೊದಲು ಒಣ ಪೊರಕೆಯಲ್ಲಿ ಗುಡಿಸಿ, ಆಮೇಲೆ ಧಾರಾಳ ನೀರು. ವಾಟರ್ ಸರ್ವಿಸ್‌ನಲ್ಲಿ ಸಾಮಾನ್ಯವಾಗಿ ಹೊರಮೈಗೆ ಹೊಡೆದು ಮುಗಿಸುತ್ತಾರೆ. ಕೊಳೆ ಕೂತಿರುವುದು ಸಿ ಚಾನೆಲ್‌ನ (ಇಂಗ್ಲಿಷ್ C ಆಕಾರಕ್ಕೆ ಮಡಿಸಿದ ಚಾಸಿಯ ಉದ್ದ ತೊಲೆಯ) ಒಳಗೆ, ಕೆಳಮಡಿಕೆಯ ಮೇಲೆ, ಬ್ರೇಕ್ ಪೈಪು ಮತ್ತು ವಯರಿಂಗ್ ಹಾದುಹೋಗುವ ಕಡೆ. ಬಾಕ್ಸ್ ಆಕಾರದ ಚಾಸಿಯಾದರೆ ಅಡಿಯ ನೀರಿನ ತೂತುಗಳಿಗೆ ತಂತಿ ಹಾಕಿ ಮಣ್ಣು ಬಿಡಿಸಿ. ತೊಳೆದ ಗಾಡಿಯನ್ನು ನೇರ ಶೆಡ್ಡಿಗೆ ನುಗ್ಗಿಸಬೇಡಿ. ನಾಲ್ಕು ಕಿಲೋಮೀಟರ್ ಓಡಿಸಿ, ಹುಲ್ಲಿನ ಮೇಲಲ್ಲ, ಗಟ್ಟಿ ನೆಲದ ಮೇಲೆ ನಿಲ್ಲಿಸಿ.

ಅತಿ ಕೆಟ್ಟ ಜಾಗ ಕಣ್ಣಿಗೆ ಕಾಣುವುದಿಲ್ಲ. ಹಿಂದಿನ ಆಕ್ಸಲ್ ಮೇಲ್ಗಡೆ ಡಬಲ್ ಪ್ಲೇಟ್ ಹಾಕಿದ ಕಡೆ, ಸ್ಪ್ರಿಂಗ್ ಬ್ರಾಕೆಟ್ಟಿನ ಹಿಂದೆ, ಬಾಡಿಗೂ ಚಾಸಿಗೂ ನಡುವೆ ಇಟ್ಟ ಮರದ ಪ್ಯಾಕಿಂಗ್ ಕೆಳಗೆ ನೀರು ವಾರಗಟ್ಟಲೆ ಆರುವುದಿಲ್ಲ. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಕು. ಹಾಗಾಗಿ ಎರಡು ಪ್ಲೇಟಿನ ನಡುವೆ ಅದು ಬೆಳೆದಂತೆ ಪ್ಲೇಟು ಉಬ್ಬಿ ರಿವೆಟ್ಟುಗಳ ನಡುವೆ ಅಲೆಯಂತೆ ಬಾಗುತ್ತದೆ. ಸುತ್ತಿಗೆಯಲ್ಲಿ ತಟ್ಟಿ ನೋಡಿ: ಗಟ್ಟಿ ಚಾಸಿ ಟಣ್ ಎನ್ನುತ್ತದೆ, ತಿಂದದ್ದು ದಬ್ ಎಂದು ಪದರ ಉದುರಿಸುತ್ತದೆ. ಸ್ಕ್ರೂ ಡ್ರೈವರ್ ಒಳಗಿಳಿದರೆ ಬಣ್ಣದ ಮಾತೇ ಬೇಡ. ಮೇಲಿನ ಕೆಳಗಿನ ಮಡಿಕೆಗಳಿಗೆ ತೂತು ಕೊರೆಯುವುದು, ಅಂದಾಜಿಗೆ ವೆಲ್ಡ್ ಹಾಕುವುದು ಕೂಡ ಸಲ್ಲದು. ಬಿರುಕು ಹುಟ್ಟುವುದೇ ಅಲ್ಲಿಂದ.

ಬಣ್ಣದ ಕೆಲಸಕ್ಕೆ ಕಾಲ ಒಂದೇ, ಕಾಫಿ ಕುಯ್ಲು ಮುಗಿದು ಮಳೆ ಹಿಡಿಯುವವರೆಗೆ, ಅದೂ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಬಾರದ ದಿನಗಳಲ್ಲಿ. ಮಡಿಕೇರಿ, ಭಾಗಮಂಡಲ ಕಡೆ ಇಬ್ಬನಿ ಪೂರ್ತಿ ಆರಿದ ಮೇಲೆ, ಹನ್ನೊಂದರಿಂದ ಮೂರರೊಳಗೆ ಹೊಡೆಯಿರಿ. ಗಾಳಿಯ ತೇವಾಂಶ ಶೇ. 85 ದಾಟಿದ್ದರೆ ಆ ದಿನ ಬಿಡಿ. ಗ್ರೀಸ್, ಆಯಿಲ್ ಮೊದಲು ತಿನ್ನರ್‌ನಲ್ಲಿ ಒರೆಸಿ, ಆಮೇಲೆ ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಉಜ್ಜಿ. ಕ್ರಮ ತಪ್ಪಿದರೆ ಬ್ರಷ್ಷೇ ಗ್ರೀಸನ್ನು ಎಲ್ಲೆಡೆ ಹರಡುತ್ತದೆ. ಬರಿ ರೆಡ್ ಆಕ್ಸೈಡ್ ಪ್ರೈಮರ್ (ತಳಬಣ್ಣ) ನೀರನ್ನು ತಡೆಯುವಷ್ಟು ಬಿಗಿಯಲ್ಲ. ಎರಡು ಡಬ್ಬಿ ಕಲಸುವ ಜಿಂಕ್ ಫಾಸ್ಫೇಟ್ ಎಪಾಕ್ಸಿ ಪ್ರೈಮರ್ ಎರಡು ಕೋಟ್ ಬೇಕು. ಪಿಕಪ್ಪಿನ ಚಾಸಿಗೆ ಸುಮಾರು ಎರಡು ಲೀಟರ್ ಹಿಡಿಯುತ್ತದೆ. ಅಂಚು, ರಿವೆಟ್ ತಲೆ, ವೆಲ್ಡ್ ಜಾಗಕ್ಕೆ ಮೊದಲೇ ಬ್ರಷ್ಷಿನಲ್ಲಿ ಒಂದು ಕೈ ಎಳೆಯಿರಿ. ಚೂಪು ಅಂಚಿನಲ್ಲಿ ಬಣ್ಣ ತೆಳ್ಳಗಾಗಿ ಸರಿದುಹೋಗುತ್ತದೆ. ತುಕ್ಕಿನ ಮೇಲೆಯೇ ಕಪ್ಪು ಅಂಡರ್‌ಕೋಟ್ ಬಳಿಯುವುದು ಹುಣ್ಣಿಗೆ ಪ್ಲಾಸ್ಟಿಕ್ ಸುತ್ತಿದ ಹಾಗೆ. ಒಂದು ಬಿರುಕು ಬಿಟ್ಟರೆ ಸಾಕು, ನೀರು ಒಳಗೆ ಸೇರಿ ಹೊರಬರುವುದಿಲ್ಲ.

ಹಳೆ ಎಂಜಿನ್ ಆಯಿಲ್ ಹೊಡೆಸುವ ಪದ್ಧತಿ ಇನ್ನೂ ಇದೆ. ಅದರಲ್ಲಿ ಆಮ್ಲವಿದೆ, ರಬ್ಬರ್ ಬುಷ್ ಊದುತ್ತದೆ, ಬ್ರೇಕ್ ಲೈನಿಂಗಿಗೆ ತಾಗಿದರೆ ಹಿಡಿತ ಹೋಗುತ್ತದೆ, ಎರಡು ಮಳೆಗೆ ತೊಳೆದು ತೋಡಿಗೆ ಇಳಿಯುತ್ತದೆ. ಬಣ್ಣ ಮುಟ್ಟದ ಸಂದಿಗಳಿಗೆ ಮೇಣದ ಕ್ಯಾವಿಟಿ ಸ್ಪ್ರೇ ಉದ್ದ ಪೈಪಿನಲ್ಲಿ ಹೊಡೆಸಿ, ಪ್ರತಿ ವರ್ಷ ಮೇ ತಿಂಗಳಲ್ಲಿ ಇನ್ನೊಮ್ಮೆ.

ಕಬ್ಬಿಣದ ಬ್ರೇಕ್ ಪೈಪನ್ನು ಕ್ಲಿಪ್ ಬಿಚ್ಚಿ ನೋಡಿ, ತುಕ್ಕು ಹಿಡಿಯುವುದು ಕ್ಲಿಪ್ಪಿನ ಅಡಿಯಲ್ಲೇ. ಉಗುರಿಗೆ ಗುಳಿ ಸಿಕ್ಕಿದರೆ ಬಣ್ಣ ಬಳಿದು ಮುಚ್ಚದೆ ಪೈಪನ್ನೇ ಬದಲಿಸಿ.