ಪಿನ್ ಕೂತಿತು ಅಂತ ಸ್ವಿಚ್ ಹಾಕಬೇಡಿ

ಹಳೇ ವಿಡಿಯೋ ಗೇಮ್ ರಿಪೇರಿಗೆ ಬಂದಾಗ ನಾನು ಮೊದಲು ಕೇಳುವುದು, 'ಯಾವ ಅಡಾಪ್ಟರ್ ಹಾಕಿದ್ರಿ?' ಹೆಚ್ಚಿನವರ ಉತ್ತರ ಒಂದೇ. ಅದರದೇ ಅಡಾಪ್ಟರ್ ಕಳೆದುಹೋಗಿತ್ತು, ಮನೆಯಲ್ಲಿ ವೈಫೈ ರೌಟರಿನದು ಬಿದ್ದಿತ್ತು, ಪಿನ್ ಕೂತಿತು, ಹಾಕಿದೆವು. ಹುಬ್ಬಳ್ಳಿಯ ನನ್ನ ಅಂಗಡಿಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಮೊನ್ನೆ ಬ್ಯಾಡಗಿಯಿಂದ ಮೆಣಸಿನಕಾಯಿ ವ್ಯಾಪಾರದವರೊಬ್ಬರು ಬಂದಿದ್ದರು. ಚಿಕ್ಕವರಿದ್ದಾಗ ಬೇಸಿಗೆ ಸೂಟಿ ಪೂರ್ತಿ ಆಡಿದ ಗೇಮು, ಜೊತೆಗೆ ನಾಲ್ಕೈದು ಕ್ಯಾಸೆಟ್ಟು, ಎಲ್ಲ ಹಳೇ ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ಮಗಳಿಗೆ ತೋರಿಸಬೇಕು ಅಂತ ಅಟ್ಟದಿಂದ ಇಳಿಸಿದ್ದಂತೆ. 'ಪಿನ್ ಬರೋಬ್ಬರಿ ಕುಂತಿತ್ರಿ ಸರ, ಮತ್ತ ಹೊಗಿ ಯಾಕ ಬಂತ್ರಿ?' ಅಂದರು. ಬಿಚ್ಚಿ ನೋಡಿದರೆ ಪಿನ್ ಕೂರುವ ಜಾಕಿನ ಪಕ್ಕದ ದೊಡ್ಡ ಕೆಪಾಸಿಟರಿನ (ಕರೆಂಟು ಹಿಡಿದಿಡುವ ಡಬ್ಬಿಯಂಥ ಭಾಗ) ತಲೆ ಉಬ್ಬಿ ಸೀಳಿತ್ತು, ಬೋರ್ಡಿನ ಮೇಲೆ ಕಂದು ಬಣ್ಣದ ಜಿಡ್ಡು ಹರಡಿತ್ತು. ಪಾಪ, ಅವರ ಮುಖ ನೋಡಲಾಗಲಿಲ್ಲ.

ಪಿನ್ನಿನ ಗಾತ್ರಕ್ಕೂ ಒಳಗೆ ಬರುವ ಕರೆಂಟಿಗೂ ಸಂಬಂಧವೇ ಇಲ್ಲ. ಆ ಗುಂಡು ಪಿನ್ನಿನಲ್ಲಿ ಎರಡು ಭಾಗ ಇರುತ್ತವೆ, ಒಳಗಿನ ತೂತು ಮತ್ತು ಹೊರಗಿನ ಲೋಹದ ಸುತ್ತು. ಇವತ್ತಿನ ರೌಟರ್, ಸಿಸಿಟಿವಿ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಒಳಗೆ ಪ್ಲಸ್, ಹೊರಗೆ ಮೈನಸ್. ನಿಂಟೆಂಡೊ ಕಂಪನಿಯ 1983ರ ಫ್ಯಾಮಿಕಾಮ್, 1990ರ ಸೂಪರ್ ಫ್ಯಾಮಿಕಾಮ್, ಸೆಗಾ ಕಂಪನಿಯ ಮೊದಲ ಮಾದರಿಯ ಮೆಗಾ ಡ್ರೈವ್, ಈ ಹಳೇ ಗೇಮುಗಳೆಲ್ಲ ಇದಕ್ಕೆ ತದ್ವಿರುದ್ಧ, ಒಳಗೆ ಮೈನಸ್. ರೌಟರಿನದು ಚುಚ್ಚಿದಿರೋ, ಪ್ಲಸ್ ಹೋಗಬೇಕಾದಲ್ಲಿ ಮೈನಸ್ ಹೋಯಿತು. ಕೆಪಾಸಿಟರ್ ಇದನ್ನು ತಾಳುವುದಿಲ್ಲ.

ಅಡಾಪ್ಟರಿನ ಹೊಟ್ಟೆಯ ಮೇಲೆ ಒಂದು ಪುಟ್ಟ ಚಿತ್ರ ಇರುತ್ತದೆ. ನಡುವೆ ಚುಕ್ಕಿ, ಅದರ ಸುತ್ತ ಅರ್ಧ ಬಳೆಯಂಥ ಗೆರೆ. ಚುಕ್ಕಿಯಿಂದ ಹೊರಟ ಗೆರೆ ಮೈನಸ್‌ಗೆ ಸೇರಿದ್ದರೆ ಒಳಗೆ ಮೈನಸ್, ಪ್ಲಸ್‌ಗೆ ಸೇರಿದ್ದರೆ ಒಳಗೆ ಪ್ಲಸ್. ಚಿತ್ರ ಅಳಿಸಿದೆಯಾ? ಮಲ್ಟಿಮೀಟರನ್ನು ಡಿಸಿ ವೋಲ್ಟಿಗಿಟ್ಟು ಕೆಂಪು ಕಡ್ಡಿ ತೂತಿನೊಳಗೆ, ಕಪ್ಪು ಕಡ್ಡಿ ಹೊರಸುತ್ತಿಗೆ ಹಿಡಿಯಿರಿ. ಅಂಕಿಯ ಎಡಕ್ಕೆ ಮೈನಸ್ ಬಂದರೆ ಒಳಗೆ ಮೈನಸ್. ಒಂದು ನಿಮಿಷದ ಕೆಲಸ ಅಲ್ವಾ?

ಒಂದೇ ಕಂಪನಿಯದು ಅಂತಲೂ ನಂಬಬೇಡಿ. ಮೆಗಾ ಡ್ರೈವ್ ಎರಡನೇ ಮಾದರಿಗೆ ಪಿನ್ನೂ ಬೇರೆ, ಒಳಗೆ ಪ್ಲಸ್. ಫ್ಯಾಮಿಕಾಮಿನ ಅಮೆರಿಕದ ರೂಪವಾದ ಎನ್‌ಇಎಸ್‌ನ ಅಡಾಪ್ಟರ್ ಕೊಡುವುದು 9 ವೋಲ್ಟ್ ಎಸಿ, ಅಂದರೆ ಪ್ಲಸ್-ಮೈನಸ್ ಅದಲುಬದಲಾಗುತ್ತಲೇ ಇರುವ ಕರೆಂಟು. ಅದು ಫ್ಯಾಮಿಕಾಮಿಗೂ ಕೂರುತ್ತದೆ, ಆದರೆ ಫ್ಯಾಮಿಕಾಮ್ ಕೇಳುವುದು 10 ವೋಲ್ಟ್ ಡಿಸಿ. ಹಾಕಿದರೆ ಹೋಯಿತು.

ನಮ್ಮ ಕಡೆ ಜಾಸ್ತಿ ಇರುವುದು ಹೆಸರಿಲ್ಲದ ನಕಲಿ ಸೆಟ್ಟುಗಳು. ಅವುಗಳಲ್ಲಿ ಒಂದೊಂದರದು ಒಂದೊಂದು ರೀತಿ. ನಾನು ಮುಚ್ಚಳ ಬಿಚ್ಚಿ 7805 ಹುಡುಕುತ್ತೇನೆ. ಒಳಬಂದ ವೋಲ್ಟೇಜನ್ನು 5 ವೋಲ್ಟಿಗೆ ಇಳಿಸುವ ಮೂರು ಕಾಲಿನ ಭಾಗ ಅದು, ಹೆಚ್ಚಾಗಿ ತಗಡಿಗೆ ಕೂಡಿಸಿರುತ್ತಾರೆ. ಅದರ ನಡುವಿನ ಕಾಲು ಗ್ರೌಂಡ್. ಅಡಾಪ್ಟರ್ ತೆಗೆದಿಟ್ಟು, ಮೀಟರನ್ನು ಸಂಪರ್ಕ ಇದ್ದರೆ ಬೀಪ್ ಅನ್ನುವ ಗುರುತಿಗಿಟ್ಟು ಆ ಕಾಲಿಗೂ ಜಾಕಿನ ಒಳಕಡ್ಡಿಗೂ ಹಿಡಿದಾಗ ಸದ್ದಾದರೆ ಒಳಗೆ ಮೈನಸ್. ಹೊರಸುತ್ತಿಗೆ ಹಿಡಿದಾಗ ಸದ್ದಾದರೆ ಒಳಗೆ ಪ್ಲಸ್. ಎರಡಕ್ಕೂ ಸದ್ದಿಲ್ಲದಿದ್ದರೆ ನಡುವೆ ಎಸಿಯನ್ನು ಡಿಸಿ ಮಾಡುವ ಬ್ರಿಜ್ ರೆಕ್ಟಿಫೈಯರ್ ಇರಬಹುದು, ಎನ್‌ಇಎಸ್‌ನಲ್ಲಿ ಇರುವುದು ಅದೇ. ಹಾಗಿದ್ದಾಗ ಗೊತ್ತಿದ್ದವರಿಗೆ ತೋರಿಸಿ, ಅಂದಾಜಿನ ಮೇಲೆ ಹೋಗಬೇಡಿ.

ಆಂಪ್ ಬಗ್ಗೆ ಸುಮ್ನೆ ಹೆದರುತ್ತಾರೆ. ಅಡಾಪ್ಟರಿನ ಮೇಲೆ ಬರೆದ ಆಂಪ್ ಅದು ಕೊಡಬಲ್ಲ ಮಿತಿ, ಅಷ್ಟೇ. ಗೇಮು ತನಗೆ ಬೇಕಾದಷ್ಟೇ ಎಳೆಯುತ್ತದೆ. 850 ಮಿಲಿಆಂಪ್ ಬೇಕಾದಲ್ಲಿ 2 ಆಂಪಿನದು ನಡೆಯುತ್ತದೆ, 500 ಮಿಲಿಆಂಪಿನದು ನಡೆಯುವುದಿಲ್ಲ. ವೋಲ್ಟೇಜಿಗೆ ಮಾತ್ರ ಈ ಸಡಿಲ ಇಲ್ಲ. 7805 ಮಿಕ್ಕ ವೋಲ್ಟೇಜನ್ನೆಲ್ಲ ಶಾಖವಾಗಿ ಕಳೆಯುತ್ತದೆ. ಗೇಮು ಅರ್ಧ ಆಂಪ್ ಎಳೆಯುವಾಗ 9 ವೋಲ್ಟ್ ಕೊಟ್ಟರೆ 2 ವ್ಯಾಟ್ ಶಾಖ, 12 ಕೊಟ್ಟರೆ ಮೂರೂವರೆ ವ್ಯಾಟ್. ಸ್ವಲ್ಪ ಹೊತ್ತು ಆಡುತ್ತದೆ, ಆಮೇಲೆ ಚಿತ್ರ ನಿಲ್ಲುತ್ತದೆ.

ಅಮೆರಿಕದಿಂದ ಮಗ ತಂದ ಒರಿಜಿನಲ್ ಅಡಾಪ್ಟರ್ ಅಂತ ತರುವವರಿಗೂ ಒಂದು ಮಾತು. ಅದು 120 ವೋಲ್ಟಿನದು, ಜಪಾನಿನದು 100. ನಮ್ಮ ಗೋಡೆಯಲ್ಲಿರುವುದು 230. ನೀವು ಕೊಳ್ಳುವ ಚಿಕ್ಕ ಪ್ಲಗ್ ಕನ್ವರ್ಟರ್ ಕಾಲುಗಳ ಆಕಾರ ಬದಲಿಸುತ್ತದೆ, ವೋಲ್ಟೇಜ್ ಅಲ್ಲ.

ಅಂಗಡಿಯಲ್ಲಿ ಸಿಗುವ ಬ್ಯಾಟರಿ ಎಲಿಮಿನೇಟರ್ ಅನ್ನುವ ಕೆಲವು ಅಡಾಪ್ಟರುಗಳಲ್ಲಿ ವೋಲ್ಟೇಜ್ ಮತ್ತು ಪ್ಲಸ್-ಮೈನಸ್ ಬದಲಿಸುವ ಸ್ವಿಚ್ ಇರುತ್ತದೆ. ಕೊಂಡರೆ ಆಂಪ್ ನೋಡಿ, ಸರಿ ಹೊಂದಿಸಿ, ಸ್ವಿಚ್ಚುಗಳ ಮೇಲೆ ಗಟ್ಟಿ ಟೇಪ್ ಸುತ್ತಿಬಿಡಿ. ಮಕ್ಕಳ ಕೈ ಸುಮ್ನಿರುವುದಿಲ್ಲ.

ಈಗಾಗಲೇ ಹೊಗೆ ಬಂದಿದ್ದರೆ ಇನ್ನೊಂದು ಅಡಾಪ್ಟರ್ ಹಾಕಿ ಪರೀಕ್ಷೆ ಮಾಡಬೇಡಿ. ಕೆಪಾಸಿಟರ್, 7805 ಅಷ್ಟೇ ಹೋಗಿದ್ದರೆ ಖರ್ಚು ಕಡಿಮೆ. ಚಿಪ್ ಹೋಗಿದ್ದರೆ ಇನ್ನೊಂದು ಹಳೇ ಸೆಟ್ ಹುಡುಕಬೇಕಾಗುತ್ತದೆ. ಬ್ಯಾಡಗಿಯವರದು ಮೊದಲನೆಯ ಥರ ಕಾಣುತ್ತಿದೆ, ಆದರೆ ಕೆಪಾಸಿಟರ್ ಬದಲಿಸಿ ಚಾಲೂ ಮಾಡಿ ನೋಡುವವರೆಗೆ ಅವರಿಗೆ ನಾನು ಖಾತ್ರಿ ಕೊಟ್ಟಿಲ್ಲ.