ಲೇಸರ್‌ಗೆ ಗೊತ್ತಾಗುವುದು ಬಣ್ಣ ಮಾತ್ರ

ಮುಖದ ಕೂದಲು ತೆಗೆಯುವ ಲೇಸರ್ ಕೆಲಸ ಮಾಡುವ ಬಗೆ ಸರಳವಾಗಿದೆ. ಕೂದಲಿನಲ್ಲಿ, ಅದರ ಬುಡದಲ್ಲಿ ಮೆಲನಿನ್ ಎಂಬ ಕಪ್ಪು ಬಣ್ಣ ಇರುತ್ತದೆ. ಲೇಸರ್ ಬೆಳಕು ಬಿದ್ದ ಕೂಡಲೇ ಮೆಲನಿನ್ ಅದನ್ನು ಹೀರಿಕೊಂಡು ಬಿಸಿಯಾಗುತ್ತದೆ. ಕಣ್ಣು ರೆಪ್ಪೆ ಬಡಿಯುವುದರೊಳಗೆ ಬುಡ ಬೆಂದುಹೋಗುತ್ತದೆ. ಬೆಳಕು ಅಷ್ಟು ಕಡಿಮೆ ಹೊತ್ತು ಬಿದ್ದದ್ದರಿಂದ ಬಿಸಿ ಆಚೀಚೆ ಹರಡುವುದಿಲ್ಲ. 1983ರಲ್ಲಿ ಅಮೆರಿಕದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಈ ತತ್ವವನ್ನು ವಿವರಿಸಿದರು. ಇವತ್ತು ಚರ್ಮಕ್ಕೆ ಮಾಡುವ ಬಹುಪಾಲು ಲೇಸರ್ ಚಿಕಿತ್ಸೆಗಳು ಅದರ ಮೇಲೇ ನಿಂತಿವೆ.

ತೊಂದರೆ ಇರುವುದೂ ಅಲ್ಲೇ. ಮೆಲನಿನ್ ಕೂದಲಲ್ಲಿ ಮಾತ್ರ ಇಲ್ಲ, ನಮ್ಮ ಚರ್ಮದಲ್ಲೂ ಇದೆ. ಇದು ಕೂದಲು, ಇದು ಚರ್ಮ ಅಂತ ಲೇಸರ್‌ಗೆ ತಿಳಿಯುವುದಿಲ್ಲ. ಅದಕ್ಕೆ ಗೊತ್ತಾಗುವುದು ಬಣ್ಣ ಮಾತ್ರ. ಕಡು ಬಿಸಿಲಲ್ಲಿ ಬಿಳಿ ಬಟ್ಟೆಗಿಂತ ಕಪ್ಪು ಬಟ್ಟೆ ಜಾಸ್ತಿ ಕಾಯುತ್ತದಲ್ವಾ, ಹಾಗೆಯೇ ಚರ್ಮದ ಬಣ್ಣ ಗಾಢವಾದಷ್ಟೂ ಮೇಲ್ಪದರವೇ ಬೆಳಕನ್ನು ಹೀರಿ ಸುಡುವ ಅಪಾಯ ಹೆಚ್ಚು. ಸುಟ್ಟ ಗುಳ್ಳೆ ವಾರದಲ್ಲಿ ಮಾಯಬಹುದು. ಆದರೆ ಅದು ಬಿಟ್ಟುಹೋಗುವ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

1975ರಲ್ಲಿ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಎಂಬ ಚರ್ಮವೈದ್ಯರು, ಬಿಸಿಲಿಗೆ ಚರ್ಮ ಹೇಗೆ ಸ್ಪಂದಿಸುತ್ತದೆ ಎನ್ನುವುದರ ಮೇಲೆ ಅದನ್ನು ವಿಂಗಡಿಸುವ ಕ್ರಮವೊಂದನ್ನು ತಂದರು. ಈಗ ಅದರಲ್ಲಿ ತೀರಾ ಬಿಳಿಯಿಂದ ಕಡುಗಪ್ಪಿನವರೆಗೆ ಆರು ಬಗೆಗಳಿವೆ. ನಮ್ಮಲ್ಲಿ ಹೆಚ್ಚಿನವರು ನಾಲ್ಕು ಮತ್ತು ಐದನೆಯ ಬಗೆಯವರು. ನಮಗೆ ಸಾಮಾನ್ಯವಾಗಿ ಹೊಂದುವುದು ಉದ್ದ ತರಂಗದ ಲೇಸರ್. 1064 ನ್ಯಾನೋಮೀಟರ್‌ನ ಎನ್‌ಡಿ-ಯಾಗ್ ಲೇಸರನ್ನು ಮೇಲ್ಪದರದ ಮೆಲನಿನ್ ಅಷ್ಟಾಗಿ ಹೀರುವುದಿಲ್ಲ, ಅದು ಆಳಕ್ಕೆ ಇಳಿಯುತ್ತದೆ. 755 ನ್ಯಾನೋಮೀಟರ್‌ನ ಅಲೆಕ್ಸಾಂಡ್ರೈಟ್ ಬಿಳಿ ಚರ್ಮಕ್ಕೆ ಚೆನ್ನಾಗಿ ಒಗ್ಗಿದರೂ ನಮಗೆ ಅಪಾಯ ಜಾಸ್ತಿ. ನಮ್ಮ ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಡಯೋಡ್ ಲೇಸರ್ ಇವೆರಡರ ನಡುವಿನದು. ಎಷ್ಟು ಶಕ್ತಿ, ಎಷ್ಟು ಹೊತ್ತು, ಎಷ್ಟು ತಂಪು ಎನ್ನುವುದನ್ನು ಪ್ರತಿಯೊಬ್ಬರ ಚರ್ಮ ನೋಡಿ ಹೊಂದಿಸಬೇಕು. ಹೊಂದಿಸುವವರು ಮನುಷ್ಯರೇ. "ನಮ್ಮದು ಅಮೆರಿಕದ ಮಷಿನ್" ಅನ್ನುವ ಜಾಹೀರಾತು ಏನೂ ಹೇಳಿದಂತಾಗುವುದಿಲ್ಲ. ಅದನ್ನು ಹಿಡಿಯುವ ಕೈ ಯಾರದು ಎನ್ನುವುದೇ ನಮಗೆ ಬೇಕಾದ ವಿಷಯ.

ಚೆಂದ ಕಾಣಬೇಕು ಅನ್ನಿಸುವುದರಲ್ಲಿ ನನಗಂತೂ ಯಾವ ತಪ್ಪೂ ಕಾಣುವುದಿಲ್ಲ. ಗಲ್ಲದ ಮೇಲೆ ಕೂದಲು ಬೆಳೆದು ಕಾಲೇಜಿಗೆ ಹೋಗಲು ಹಿಂಜರಿಯುವ ಹುಡುಗಿಗೆ, ಮೊಡವೆಯ ಗುಳಿಗಳಿಂದ ಕುಗ್ಗಿಹೋದ ಹುಡುಗನಿಗೆ ಈ ಚಿಕಿತ್ಸೆಗಳು ನಿಜವಾಗಿಯೂ ನೆರವಾಗುತ್ತವೆ. ಅದಕ್ಕೇ ಎಲ್ಲಿಗೆ ಹೋಗುತ್ತೇವೆ ಎನ್ನುವುದು ಮುಖ್ಯ. ಜಯನಗರ, ಇಂದಿರಾನಗರದಲ್ಲಿ ಮಾತ್ರವಲ್ಲ, ಈಗ ದಾವಣಗೆರೆ, ಹುಬ್ಬಳ್ಳಿಯಲ್ಲೂ 'ಸ್ಕಿನ್ ಅಂಡ್ ಹೇರ್' ಬೋರ್ಡುಗಳಿವೆ. ಒಳಗೆ ಕೂತವರಲ್ಲಿ ನುರಿತ ಚರ್ಮವೈದ್ಯರೂ ಇದ್ದಾರೆ, ಕೆಲವೇ ದಿನಗಳ ಕೋರ್ಸ್ ಮುಗಿಸಿ ಬಂದವರೂ ಇದ್ದಾರೆ. ಇಬ್ಬರ ಕೋಟೂ ಬಿಳಿಯೇ.

ಹಾಗಾಗಿ ಹೆಸರಿನ ಮುಂದಿನ ಅಕ್ಷರಗಳನ್ನು ಓದಿ. ಚರ್ಮವೈದ್ಯರಾದರೆ ಎಂಬಿಬಿಎಸ್ ಆದ ಮೇಲೆ ಡರ್ಮಟಾಲಜಿಯಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಇರುತ್ತದೆ. ಪ್ಲಾಸ್ಟಿಕ್ ಸರ್ಜನ್ ಆದರೆ ಎಂಸಿಎಚ್ ಅಥವಾ ಡಿಎನ್‌ಬಿ. ಬರೀ 'ಕಾಸ್ಮೆಟಾಲಜಿಸ್ಟ್' ಅಂತಿದ್ದರೆ ಮೂಲ ಪದವಿ ಯಾವುದು ಅಂತ ಕೇಳಿ. ಅಲೋಪಥಿ ವೈದ್ಯರ ನೋಂದಣಿ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನ ಪಟ್ಟಿಯೊಂದಿಗೆ ಹೋಲಿಸಿ ನೋಡಬಹುದು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಕೂದಲು ಕಸಿಯ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಕಾರ್ಯಾಗಾರದಲ್ಲೋ ಯೂಟ್ಯೂಬ್‌ನಲ್ಲೋ ನೋಡಿ ಕಲಿತದ್ದು ಇಂಥ ಚಿಕಿತ್ಸೆ ಶುರುಮಾಡಲು ಸಾಲದು ಎಂದು ಅದರಲ್ಲಿ ಬಿಡಿಸಿ ಹೇಳಿದೆ. ಹಾಗೆ ಬರೆಯಬೇಕಾಗಿ ಬಂತು ಎನ್ನುವುದೇ ಪರಿಸ್ಥಿತಿಯನ್ನು ತಿಳಿಸುತ್ತದೆ.

ಜಾಗಕ್ಕೂ ನೋಂದಣಿ ಬೇಕು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಎಲ್ಲರೂ ಕೆಪಿಎಂಇ ಅನ್ನುವ ಕಾಯ್ದೆಯಡಿ, ಚಿಕಿತ್ಸೆ ಕೊಡುವ ಖಾಸಗಿ ಕ್ಲಿನಿಕ್ ನೋಂದಣಿ ಪತ್ರವನ್ನು ಕಾಣುವಂತೆ ಹಾಕಬೇಕು. ಸ್ವಾಗತಕಾರರ ಹಿಂದಿನ ಗೋಡೆಯ ಮೇಲೆ ಒಮ್ಮೆ ಕಣ್ಣಾಡಿಸಿ. 2022ರ ಮೇ ತಿಂಗಳಲ್ಲಿ ಕೊಬ್ಬು ತೆಗೆಸಿಕೊಳ್ಳಲು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಹೋದ 21 ವರ್ಷದ ಕಿರುತೆರೆ ನಟಿ ಜೀವ ಕಳೆದುಕೊಂಡರು. ಕೊಬ್ಬು ತೆಗೆಯುವುದು ಶಸ್ತ್ರಚಿಕಿತ್ಸೆ. ಅರಿವಳಿಕೆ ತಜ್ಞರು, ತುರ್ತು ಸೌಲಭ್ಯ ಇಲ್ಲದ ಕಡೆ ಅದನ್ನು ಮಾಡಿಸಿಕೊಳ್ಳಲೇಬಾರದು.

ಇಷ್ಟೆಲ್ಲ ಕಾಗದಪತ್ರ ಸರಿಯಿದ್ದರೂ, ನನ್ನ ಮಟ್ಟಿಗೆ ನಂಬಿಕೆ ಹುಟ್ಟುವುದು ವೈದ್ಯರು ನಮ್ಮನ್ನು ಏನು ಕೇಳುತ್ತಾರೆ ಎನ್ನುವುದರಿಂದ. ಗಲ್ಲದ ಕೂದಲು ತೆಗೆಸಲು ಬಂದವಳನ್ನು ಒಳ್ಳೆಯ ವೈದ್ಯರು ಮೊದಲು ಮುಟ್ಟಿನ ಬಗ್ಗೆ ಕೇಳುತ್ತಾರೆ. ಪಿಸಿಒಎಸ್ ಎಂಬ ಹಾರ್ಮೋನು ಏರುಪೇರಿನ ತೊಂದರೆ ಇದ್ದರೆ ಹಾರ್ಮೋನು ಹೊಸ ಕೂದಲನ್ನು ಹುಟ್ಟಿಸುತ್ತಲೇ ಇರುತ್ತದೆ, ಬರೀ ಲೇಸರ್ ಸಾಲುವುದಿಲ್ಲ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಗೊಳ್ತಿದ್ದೀರಾ? ಗಾಯ ಆದರೆ ಗಂಟು ಕಟ್ಟುತ್ತದಾ? ಇತ್ತೀಚೆಗೆ ಬಿಸಿಲಲ್ಲಿ ಓಡಾಡಿದ್ದೀರಾ? ಬೇರೆ ಚಿಕಿತ್ಸೆಯಾದರೂ ಇಂಥವನ್ನೆಲ್ಲ ವಿಚಾರಿಸುತ್ತಾರೆ. ಲೇಸರ್‌ಗೆ ಮೊದಲು ದವಡೆಯ ಕೆಳಗೆ ಚಿಕ್ಕ ಜಾಗದಲ್ಲಿ ಪರೀಕ್ಷೆ ಮಾಡಿ, ಕೆಲವು ದಿನ ಬಿಟ್ಟು ಬರಲು ಹೇಳುವವರೂ ಇದ್ದಾರೆ. ಅಂಥವರು ಸಿಕ್ಕರೆ ಬಿಡಬೇಡಿ. ಒಂದೇ ಸಲಕ್ಕೆ ಎಲ್ಲ ಹೋಗುತ್ತದೆ ಅನ್ನುವವರನ್ನು ನಂಬಬೇಡಿ. ಲೇಸರ್‌ಗೆ ಬಗ್ಗುವುದು ಆ ಹೊತ್ತಿಗೆ ಬೆಳೆಯುತ್ತಿರುವ ಕೂದಲು ಮಾತ್ರ. ಉಳಿದವು ಮಲಗಿರುತ್ತವೆ. ಅದಕ್ಕೇ ನಾಲ್ಕಾರು ವಾರಗಳ ಅಂತರದಲ್ಲಿ ಆರೆಂಟು ಸಲ ಬೇಕಾಗುತ್ತದೆ. ಆಮೇಲೂ ಕೂದಲು ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಹೋಗುತ್ತದೆ ಎಂಬ ಭರವಸೆ ಯಾರೂ ಕೊಡಲಾಗದು.

ಇನ್ನು ನಾವು ಕೇಳಬೇಕಾದ್ದು. "ಏನಾದರೂ ಎಡವಟ್ಟಾದರೆ ಏನು ಮಾಡ್ತೀರಿ?" ಈ ಒಂದು ಪ್ರಶ್ನೆ ಸಾಕು. ತುಟಿ, ಕೆನ್ನೆ ತುಂಬಿಸುವ ಫಿಲ್ಲರ್‌ನಲ್ಲಿ ಇದು ತೀರಾ ಮುಖ್ಯ. ಫಿಲ್ಲರ್‌ಗಳಲ್ಲಿ ಹೆಚ್ಚಿನವು ಹಯಲುರಾನಿಕ್ ಆಮ್ಲದ ಜೆಲ್. ಮುಖದಲ್ಲಿ ರಕ್ತನಾಳಗಳು ದಟ್ಟವಾಗಿವೆ. ಸೂಜಿ ತಪ್ಪಿ ಜೆಲ್ ಯಾವುದಾದರೂ ನಾಳದೊಳಗೆ ಹೋದರೆ ರಕ್ತದ ಓಟ ನಿಲ್ಲುತ್ತದೆ. ಚರ್ಮ ಬಿಳಿಚಿಕೊಳ್ಳುತ್ತದೆ, ನೋವು ಬರಬಹುದು, ಆಮೇಲೆ ಬಲೆ ಬಲೆಯಂತೆ ನೀಲಿಗಟ್ಟುತ್ತದೆ. ಹುಬ್ಬುಗಳ ನಡುವೆ ಮತ್ತು ಮೂಗಿನ ಮೇಲೆ ಚುಚ್ಚುವಾಗ ಹೆಚ್ಚು ಅಪಾಯ, ಯಾಕೆಂದರೆ ಅಲ್ಲಿನ ನಾಳಗಳಿಗೂ ಕಣ್ಣಿನ ನಾಳಗಳಿಗೂ ಸಂಪರ್ಕ ಇದೆ. ಅಪರೂಪಕ್ಕಾದರೂ ದೃಷ್ಟಿ ಹೋದ ಉದಾಹರಣೆಗಳಿವೆ. ಜೆಲ್‌ನಿಂದ ನಾಳ ಕಟ್ಟಿಕೊಂಡರೆ ಮದ್ದು ಹಯಲುರಾನಿಡೇಸ್ ಎಂಬ ಕಿಣ್ವ. ಅದು ಜೆಲ್ಲನ್ನು ಕರಗಿಸುತ್ತದೆ. ಆದರೆ ಕೂಡಲೇ ಕೊಡಬೇಕು, ಹಾಗಾಗಿ ಆ ಸೀಸೆ ಕ್ಲಿನಿಕ್‌ನಲ್ಲೇ ಇರಬೇಕು. "ಇಲ್ಲೇ ಇದೆ, ತೋರಿಸುತ್ತೇನೆ" ಅನ್ನುವ ವೈದ್ಯರ ಮುಂದೆ ನೆಮ್ಮದಿಯಾಗಿ ಕೂರಬಹುದು. "ನಮ್ಮಲ್ಲಿ ಹಾಗೆಲ್ಲ ಆಗೋದೇ ಇಲ್ಲ" ಅನ್ನುವ ಉತ್ತರ ಬಂದರೆ ಎದ್ದು ಬನ್ನಿ.

ಬೊಟಾಕ್ಸ್ ವಿಷಯವೇ ಬೇರೆ. ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚುತ್ತಾರೆ. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ಅದು ತಡೆಯುತ್ತದೆ. ಸ್ನಾಯು ಸಡಿಲವಾಗಿ ಸುಕ್ಕು ಮಾಸುತ್ತದೆ. ಮೂರು ನಾಲ್ಕು ತಿಂಗಳಲ್ಲಿ ಪರಿಣಾಮ ಇಳಿಯುತ್ತದೆ. ಅಳತೆ ಅಥವಾ ಜಾಗ ತಪ್ಪಿದರೆ ಕಣ್ಣಿನ ರೆಪ್ಪೆ ಜೋತುಬೀಳಬಹುದು. ಅದನ್ನು ಕರಗಿಸುವ ಮದ್ದಿಲ್ಲ, ವಾರಗಟ್ಟಲೆ ಕಾಯಬೇಕು. ನಕಲಿ ಬೊಟಾಕ್ಸ್ ಇನ್ನೂ ಅಪಾಯಕಾರಿ. ಅಮೆರಿಕದಲ್ಲೇ 2024ರಲ್ಲಿ ನಕಲಿ ಚುಚ್ಚುಮದ್ದಿನಿಂದ ಜನ ಆಸ್ಪತ್ರೆ ಸೇರಿದರು. ತೀರಾ ಅಗ್ಗದ ದರ ಕಂಡರೆ ಅನುಮಾನ ಬರಲೇಬೇಕು.

ಸೂಜಿಯ ಬಗ್ಗೆಯೂ ಒಂದು ಮಾತು. ನಮ್ಮದೇ ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸಿ, ಸಣ್ಣ ಸೂಜಿಗಳಿಂದ ಮುಖಕ್ಕೆ ಸೇರಿಸುವ ಚಿಕಿತ್ಸೆ ಇದೆ. ಪಿಆರ್‌ಪಿ ಎಂದು ಕರೆಯುವ ಇದನ್ನು ಇಲ್ಲೂ ಎಲ್ಲ ಕಡೆ ಮಾಡುತ್ತಾರೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಪರವಾನಗಿ ಇಲ್ಲದ ಸ್ಪಾವೊಂದನ್ನು 2018ರಲ್ಲಿ ಮುಚ್ಚಿಸಿದರು. ತನಿಖೆಗೆ ಹೋದವರಿಗೆ ಅಡುಗೆಕಟ್ಟೆಯ ಮೇಲೆ ಹೆಸರು ಬರೆಯದ ರಕ್ತದ ಟ್ಯೂಬುಗಳು, ಡ್ರಾಯರ್‌ನಲ್ಲಿ ಹೊದಿಕೆ ಇಲ್ಲದ ಸಿರಿಂಜುಗಳು ಸಿಕ್ಕವು. ಅಲ್ಲಿ ಮುಖದ ಚಿಕಿತ್ಸೆ ಪಡೆದ ಮಹಿಳೆಯರಿಗೆ ಎಚ್‌ಐವಿ ತಗುಲಿದ್ದನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ವರದಿ ಮಾಡಿತು. ಹೊಸ ಸೂಜಿಯನ್ನು ನಿಮ್ಮ ಕಣ್ಣೆದುರೇ ತೆರೆಯಲು ಹೇಳಿ. ಸಂಕೋಚ ಬೇಡ.

ಬಣ್ಣ ತಿಳಿಯಾಗಿಸುವ ಗ್ಲುಟಾಥಿಯೋನ್ ಡ್ರಿಪ್ ಬಗ್ಗೆ ನನ್ನ ಸಲಹೆ ಒಂದೇ, ಬೇಡ. ಚರ್ಮ ಬೆಳ್ಳಗಾಗಿಸುವ ಯಾವ ಚುಚ್ಚುಮದ್ದಿಗೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿಲ್ಲ. ಮದುವೆಗೆ ಮುಂಚಿನ ಪ್ಯಾಕೇಜಿನಲ್ಲಿ ಇದನ್ನು ಸೇರಿಸಿ ಕೊಡುವ ಕ್ಲಿನಿಕ್‌ನ ಉಳಿದ ಚಿಕಿತ್ಸೆಗಳನ್ನೂ ನಾನು ನಂಬುವುದಿಲ್ಲ.

ಎಲ್ಲ ಒಪ್ಪಿ ಚಿಕಿತ್ಸೆ ಮಾಡಿಸಿಕೊಂಡಿರಿ ಅಂತಿಟ್ಟುಕೊಳ್ಳಿ. ಹೊರಡುವ ಮುನ್ನ ಫಿಲ್ಲರ್ ಡಬ್ಬಿಯ ಸ್ಟಿಕ್ಕರನ್ನು ನಿಮ್ಮ ಫೈಲಿಗೆ ಅಂಟಿಸಿಕೊಡಲು ಕೇಳಿ. ಅದರಲ್ಲಿ ಹೆಸರು, ಬ್ಯಾಚ್ ಸಂಖ್ಯೆ ಇರುತ್ತದೆ. ಲೇಸರ್ ಆದರೆ ಯಾವ ಲೇಸರ್, ಎಷ್ಟು ಶಕ್ತಿ ಎಂದು ಬರೆಸಿಕೊಳ್ಳಿ. ರಾತ್ರಿ ಫೋನ್ ಮಾಡಿದರೆ ಯಾರು ಎತ್ತುತ್ತಾರೆ ಎನ್ನುವುದನ್ನೂ ಕೇಳಿಟ್ಟುಕೊಳ್ಳಿ. ರಾತ್ರಿ ಹತ್ತು ಗಂಟೆಗೆ ಕೆನ್ನೆ ಬಿಳಿಚಿಕೊಂಡು ನೀವು ಬೇರೊಂದು ಆಸ್ಪತ್ರೆಗೆ ಓಡಬೇಕಾಗಿ ಬಂದರೆ, ಅಲ್ಲಿನ ವೈದ್ಯರಿಗೆ ಮೊದಲು ಬೇಕಾಗುವುದು ಆ ಸ್ಟಿಕ್ಕರ್. ಹಯಲುರಾನಿಡೇಸ್ ಕರಗಿಸುವುದು ಹಯಲುರಾನಿಕ್ ಆಮ್ಲದ ಫಿಲ್ಲರನ್ನು ಮಾತ್ರ.